“ಮನಸ್ಸಿನಾಚೆಗೆ ದೇವರಿದ್ದಾನೆಯೇ?” ಈ ವಾಕ್ಯದ ‘ಆಚೆ’ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಪದವಿ ತರಗತಿಯ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ದೇವರ ಇರವಿನ ಕುರಿತ ವಾದಗಳನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಘನವಾದ ಪಾರಿಭಾಷಿಕ ಪದಗಳಿಗೆ ಹೇಗೋ ದಾರಿ ಸಿಕ್ಕಿದೆ. ತೊಡಕಾಗಿರುವುದು ‘ಆಚೆ’ ಎಂಬ ಪುಟ್ಟ ಪದ. “ದೇವರು, ಆತ್ಮ ಇವೆಲ್ಲ ಮನುಷ್ಯನ ಮನಸ್ಸಿನಾಚೆಗೂ ಇವೆಯೇ?” ಎಂಬುದು ಪಾಠದ ಮೊದಲ ವಾಕ್ಯ. ಓದಿದವರಲ್ಲಿ ಕೆಲವರು ಒಂದು ಪ್ರಶ್ನೆಗೂ ಉಳಿದವರು ಬೇರೆಯೇ ಪ್ರಶ್ನೆಗೂ ಉತ್ತರ ಹೇಳುತ್ತಿದ್ದಾರೆ. ತಪ್ಪು ಅವರದಲ್ಲ, ವಾಕ್ಯದ್ದು.

‘ಮನಸ್ಸಿನಾಚೆ’ ಎಂದರೆ ಮನಸ್ಸಿಗೆ ಎಟುಕದ್ದು, ಅದರ ಅಳವನ್ನು ಮೀರಿದ್ದು ಎಂದು ಒಂದು ಅರ್ಥ. ಯಾರ ಮನಸ್ಸೂ ನೆನೆಯದಿದ್ದರೂ, ಮನುಷ್ಯಕುಲವೇ ಇಲ್ಲದಿದ್ದರೂ ತನ್ನ ಪಾಡಿಗೆ ತಾನು ಇರುವಂಥದ್ದು ಎಂದು ಇನ್ನೊಂದು ಅರ್ಥ. ಮುಳ್ಳಯ್ಯನಗಿರಿ ಎರಡನೆಯ ಅರ್ಥದಲ್ಲಿ ಮನಸ್ಸಿನಾಚೆಗಿದೆ, ಮೊದಲನೆಯ ಅರ್ಥದಲ್ಲಿ ಇಲ್ಲ. ನಾವಿಲ್ಲದಾಗಲೂ ಅದು ಇತ್ತು, ಈಗ ಅದರ ಎತ್ತರವನ್ನು ಅಳೆದೂ ಇದ್ದೇವೆ. ದೇವರ ವಿಷಯದಲ್ಲಿ ಕೇಳಬೇಕಾದದ್ದು ಎರಡನೆಯ ಅರ್ಥದ ಪ್ರಶ್ನೆ, ಆದರೆ ಕನ್ನಡದ ಚರ್ಚೆಗಳಲ್ಲಿ ಉತ್ತರ ಬರುವುದು ಬಹುಪಾಲು ಮೊದಲನೆಯದಕ್ಕೆ. “ದೇವರು ಮನಸ್ಸಿಗೆ ಮೀರಿದವನು” ಎಂದು ಒಬ್ಬರು ಹೇಳಿ, ಅದನ್ನೇ ದೇವರಿದ್ದಾನೆ ಎಂಬುದಕ್ಕೆ ಸಾಕ್ಷಿ ಮಾಡಿಬಿಡುತ್ತಾರೆ. ಸಿಗದೇ ಇರುವುದಕ್ಕೆ ಇಲ್ಲದೇ ಇರುವುದೂ ಕಾರಣವಾಗಬಹುದಲ್ಲ ಎಂದು ಎದುರಿನವರು ನಗುತ್ತಾರೆ. ಇಬ್ಬರ ನಡುವೆ ವಾದವೇ ನಡೆದಿಲ್ಲ.

ನನಗೆ ಈ ತೊಡಕು ಎದ್ದು ಕಂಡದ್ದು ಆನ್ಸೆಲ್ಮನ ವಾದವನ್ನು ಬರೆಯುವಾಗ. ಈತ 11ನೆಯ ಶತಮಾನದವನು, ನಾರ್ಮಂಡಿಯ ಬೆಕ್ ಮಠದ ಸನ್ಯಾಸಿ, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದವನು. ‘ಪ್ರೊಸ್ಲೋಜಿಯನ್’ ಎಂಬ ಅವನ ಚಿಕ್ಕ ಕೃತಿಯ ಎರಡನೆಯ ಅಧ್ಯಾಯದ ವಾದ ಪ್ರಸಿದ್ಧವಾದದ್ದು. ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲು ಆಗುವುದಿಲ್ಲವೋ ಅದು ದೇವರು. ಅದು ಬುದ್ಧಿಯಲ್ಲಿ ಮಾತ್ರ ಇದ್ದರೆ, ನಿಜವಾಗಿಯೂ ಇರುವಂಥ ಇನ್ನೊಂದನ್ನು ಯೋಚಿಸಬಹುದು; ಆಗ ಆ ಇನ್ನೊಂದೇ ದೊಡ್ಡದಾಗಿಬಿಡುತ್ತದೆ. ಆದ್ದರಿಂದ ದೇವರು ಬುದ್ಧಿಯ ಆಚೆಗೂ ಇರಲೇಬೇಕು. (ಇದೇ ದಾರಿಯಲ್ಲಿ ಹೋದರೆ ಎಲ್ಲ ದ್ವೀಪಗಳಿಗಿಂತ ಶ್ರೇಷ್ಠವಾದ ದ್ವೀಪವನ್ನೂ ಸಮುದ್ರದಲ್ಲಿ ಹುಟ್ಟಿಸಬಹುದಲ್ಲ ಎಂದು ಗೌನಿಲೋ ಎಂಬ ಇನ್ನೊಬ್ಬ ಸನ್ಯಾಸಿ ಅಂದೇ ಕೇಳಿದ. ನನ್ನ ಒಲವು ಗೌನಿಲೋನ ಕಡೆಗೆ.) ಇಲ್ಲಿನ ‘ಆಚೆ’ ಎರಡನೆಯ ಅರ್ಥದ್ದು. ಅದೇ ಕೃತಿಯ ಹದಿನೈದನೆಯ ಅಧ್ಯಾಯದಲ್ಲಿ ಆನ್ಸೆಲ್ಮ್ ಇನ್ನೊಂದು ಹೆಜ್ಜೆ ಇಡುತ್ತಾನೆ: ದೇವರು ಯೋಚಿಸಬಹುದಾದದ್ದಕ್ಕಿಂತಲೂ ದೊಡ್ಡದು. ಇದು ಮೊದಲನೆಯ ಅರ್ಥದ ‘ಆಚೆ’. ಎರಡೂ ಕಡೆ ‘ಮನಸ್ಸಿನಾಚೆ’ ಎಂದೇ ಬರೆದರೆ, ಹದಿನೈದನೆಯ ಅಧ್ಯಾಯ ಎರಡನೆಯ ಅಧ್ಯಾಯವನ್ನೇ ತಿರುಗಿ ಹೇಳುತ್ತಿದೆ ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ನಿಜವಾಗಿ ನೋಡಿದರೆ ಅದು ಎರಡನೆಯದರ ಬುಡಕ್ಕೇ ನೀರು ತರುವಂಥ ಮಾತು. ಯೋಚನೆಗೇ ನಿಲುಕದ್ದು ಬುದ್ಧಿಯಲ್ಲಿ ಇದೆ ಎಂದು ಮೊದಲು ಒಪ್ಪಿದ್ದಾದರೂ ಹೇಗೆ?

ಕನ್ನಡಕ್ಕೆ ಮೊದಲನೆಯ ಅರ್ಥ ಇಷ್ಟು ಸಲೀಸಾಗಿ ಒದಗುವುದಕ್ಕೆ ಕಾರಣವಿದೆ. ಮಾತುಗಳು ಮನಸ್ಸಿನೊಡನೆ ಬ್ರಹ್ಮವನ್ನು ಮುಟ್ಟಲಾರದೆ ಹಿಂದಿರುಗುತ್ತವೆ ಎಂಬ ತೈತ್ತಿರೀಯ ಉಪನಿಷತ್ತಿನ ವಾಕ್ಯ ನಮ್ಮ ಕಿವಿಯಲ್ಲಿ ಕೂತಿದೆ. ಬಸವಣ್ಣನವರ ‘ಜಗದಗಲ ಮುಗಿಲಗಲ’ ವಚನದಲ್ಲಿ ಪಾತಾಳದಿಂದ ‘ಅತ್ತತ್ತ’ ಪಾದ, ಬ್ರಹ್ಮಾಂಡದಿಂದ ‘ಅತ್ತತ್ತ’ ಮಕುಟ. ‘ಅಗಮ್ಯ, ಅಗೋಚರ’ ಎಂದು ಕರೆದ ಆ ಲಿಂಗವೇ ಅಂಗೈಗೆ ಬಂದು ‘ಚುಳುಕಾಗು’ತ್ತದೆ. ಆ ‘ಅತ್ತತ್ತ’ದಲ್ಲಿರುವುದು ಅಳತೆಯ ಮಾತು, ಎಟುಕಿನ ಮಾತು. ಇದ್ದಾನೋ ಇಲ್ಲವೋ ಎಂಬ ಅನುಮಾನ ಆ ವಚನದ ಹತ್ತಿರಕ್ಕೂ ಸುಳಿಯುವುದಿಲ್ಲ. ಇರುವುದನ್ನು ಒಪ್ಪಿಯೇ ಅದರ ಹಿರಿಮೆಯನ್ನು ಹಾಡುವ ಭಾಷೆಯನ್ನು ತಂದು, ಇದೆಯೇ ಎಂಬ ಪ್ರಶ್ನೆಗೆ ಉತ್ತರವಾಗಿ ಇಡುವುದು ಎರಡಕ್ಕೂ ಮಾಡುವ ಅನ್ಯಾಯ. ಸಾಲದ್ದಕ್ಕೆ ಭಗವದ್ಗೀತೆಯ ಮೂರನೆಯ ಅಧ್ಯಾಯದ ಕೊನೆಯಲ್ಲಿ ಮೂರನೆಯದೊಂದು ಅರ್ಥವೂ ಇದೆ. ಇಂದ್ರಿಯಕ್ಕಿಂತ ಮನಸ್ಸು, ಮನಸ್ಸಿಗಿಂತ ಬುದ್ಧಿ ‘ಪರ’ ಎನ್ನುವಾಗ ಅದು ಮೇಲು ಕೀಳಿನ ಶ್ರೇಣಿ. ‘ಮನಸ್ಸಿಗಿಂತ ಆಚಿನದು’ ಎಂದು ಅನುವಾದಿಸಿ ಎಲ್ಲವನ್ನೂ ಕಲಸಿಬಿಟ್ಟವರಿದ್ದಾರೆ.

‘ಅತೀತ’ವೂ ಇದೇ ಆಟ ಆಡುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. ಬರಿಗೈಯಿಂದ ವಿಭೂತಿ ಬಂತೇ ಎಂಬುದು ಕಣ್ಣೆದುರಿನ ಪ್ರಶ್ನೆ, ವಿಭೂತಿಯಂತೂ ಇಂದ್ರಿಯಕ್ಕೆ ಸಿಗುವ ವಸ್ತುವೇ. ಆದರೆ ಇಂಥ ಪ್ರಶ್ನೆಗೆಲ್ಲ ಭಕ್ತರ ಕಡೆಯಿಂದ ಬರುವ ಉತ್ತರ, ಇಂದ್ರಿಯಾತೀತವಾದದ್ದನ್ನು ವಿಜ್ಞಾನ ಅಳೆಯಲಾರದು ಎಂಬುದು. ಪ್ರಶ್ನೆ ಒಂದು ಅರ್ಥದ ‘ಆಚೆ’ಯಲ್ಲಿ, ಉತ್ತರ ಇನ್ನೊಂದರಲ್ಲಿ.

ಹಾಗಾದರೆ ಎರಡನೆಯ ಅರ್ಥಕ್ಕೆ ನಮ್ಮಲ್ಲಿ ಪದವೇ ಇಲ್ಲವೇ? ಇದೆ, ಅದೂ ಬಹಳ ಹರಿತವಾದದ್ದು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ‘ವಸ್ತುತಂತ್ರ’, ‘ಪುರುಷತಂತ್ರ’ ಎಂಬ ಜೋಡಿಯನ್ನು ಬಳಸುತ್ತಾರೆ. ಧ್ಯಾನ ಪುರುಷತಂತ್ರ, ಮಾಡಬಹುದು, ಬಿಡಬಹುದು, ಬೇರೆ ರೀತಿಯಲ್ಲೂ ಮಾಡಬಹುದು. ಜ್ಞಾನ ವಸ್ತುತಂತ್ರ, ವಸ್ತು ಹೇಗಿದೆಯೋ ಹಾಗೆಯೇ ಆಗಬೇಕು, ನನ್ನ ಇಷ್ಟಕ್ಕೆ ಅಲ್ಲಿ ಜಾಗವಿಲ್ಲ. ಪುರುಷನನ್ನು ಅಗ್ನಿಯೆಂದು ಭಾವಿಸು ಎಂಬ ಉಪಾಸನೆ ಧ್ಯಾನಕ್ಕೆ ಅವರ ಉದಾಹರಣೆ, ಒಲೆಯ ಬೆಂಕಿಯನ್ನು ಬೆಂಕಿ ಎಂದು ತಿಳಿಯುವಂಥದ್ದು ಜ್ಞಾನಕ್ಕೆ. ದೇವರು ಮನಸ್ಸಿನ ಸೃಷ್ಟಿಯೇ ಎಂಬ ಇಂದಿನ ಪ್ರಶ್ನೆಯನ್ನು ಇಷ್ಟು ನಿಖರವಾಗಿ ಹಿಡಿಯುವ ಜೋಡಿ ನನಗೆ ಬೇರೆ ಕಂಡಿಲ್ಲ. 1841ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಫೊಯರ್‌ಬಾಕ್, ಮನುಷ್ಯ ತನ್ನ ಸ್ವಭಾವವನ್ನೇ ಹೊರಗೆ ಚಾಚಿ ದೇವರೆಂದು ಕರೆದಿದ್ದಾನೆ ಎಂದದ್ದನ್ನು ‘ದೇವರು ಪುರುಷತಂತ್ರ’ ಎಂಬ ಎರಡು ಪದಗಳಲ್ಲಿ ಹೇಳಿಬಿಡಬಹುದು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಕನ್ನಡ ಪ್ರಕಟಣೆಗಳನ್ನು ಓದಿದವರಿಗೆ ಈ ಪದಗಳು ಹಳೆಯ ಪರಿಚಯ. ಆದರೆ ಹತ್ತೊಂಬತ್ತರ ಹುಡುಗಿಗೆ ‘ಪುರುಷತಂತ್ರ’ ಎಂದರೆ ಗಂಡಸರ ಕುತಂತ್ರ ಎಂದು ಕೇಳಿಸಿದರೆ ಅವಳನ್ನು ದೂರುವಂತಿಲ್ಲ.

ಹೀಗಾಗಿ ಅಚ್ಚಗನ್ನಡದಲ್ಲಿ ಒಂದು ಜೋಡಿಯನ್ನು ಕಟ್ಟಿಕೊಂಡಿದ್ದೇನೆ. ಮೊದಲನೆಯ ಅರ್ಥಕ್ಕೆ ‘ಮನಸ್ಸಿಗೆ ನಿಲುಕದ’, ಎರಡನೆಯದಕ್ಕೆ ‘ಮನಸ್ಸಿನ ಹಂಗಿಲ್ಲದ’. “ದೇವರು ಮನುಷ್ಯನ ಮನಸ್ಸಿನ ಹಂಗಿಲ್ಲದೆ ಇದ್ದಾನೆಯೇ?” ಎಂದರೆ ಗೊಂದಲಕ್ಕೆ ಎಡೆಯೇ ಇಲ್ಲ. ‘ಮನೋನಿರಪೇಕ್ಷ’ ಎಂಬ ಪದವೂ ಸಿದ್ಧವಿದೆ, ಆದರೆ ಅದನ್ನು ಓದುವಾಗ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. ‘ಹಂಗು’ ಮೂಡಿಸುತ್ತದೆ. ಒಂದೇ ಅಳುಕೆಂದರೆ, ಹಂಗು ಎನ್ನುವುದು ಉಪಕಾರದ ಭಾರ, ಒಬ್ಬರಿಂದ ಒಬ್ಬರಿಗೆ ಬರುವಂಥದ್ದು. ದೇವರಿಗೂ ನಮ್ಮ ಮನಸ್ಸಿಗೂ ಏನೋ ಮನಸ್ತಾಪವಿದೆ ಎಂಬ ಧ್ವನಿ ಹೊರಟೀತೇ?

ಇನ್ನು ‘ಮನಸ್ಸು’ ಎಂಬ ಪದವೇ ಪೂರ್ತಿ ಒದಗುವುದಿಲ್ಲ. ನಮ್ಮಲ್ಲಿ ಮನಸ್ಸು ಬರುತ್ತದೆ, ಮನಸ್ಸು ಮಾಡುತ್ತೇವೆ, ಮನಸ್ಸಿಲ್ಲ ಎನ್ನುತ್ತೇವೆ. ಅದು ಇಚ್ಛೆಯ ಕಡೆ ವಾಲಿದ ಪದ. ವೇದಾಂತದಲ್ಲಿ ಅದು ಬುದ್ಧಿ, ಚಿತ್ತ, ಅಹಂಕಾರಗಳ ಜೊತೆ ಅಂತಃಕರಣದ ಒಂದು ಭಾಗ ಮಾತ್ರ. ನ್ಯಾಯದರ್ಶನದವರಾದ ನೈಯಾಯಿಕರಿಗಂತೂ ಮನಸ್ಸು ಅಣುವಿನಷ್ಟಿರುವ ಒಂದು ದ್ರವ್ಯ, ಜ್ಞಾನ ನೆಲೆಸುವುದು ಆತ್ಮದಲ್ಲಿ. “ಆತ್ಮ ಮನಸ್ಸಿನಾಚೆಗೆ ಇದೆಯೇ?” ಎಂದು ಅವರನ್ನು ಕೇಳಿದರೆ, ಇದು ಮೊದಲ ಪಾಠದಲ್ಲೇ ಹೇಳಿದ್ದಲ್ಲವೇ ಎಂದು ಅಚ್ಚರಿಪಡುತ್ತಾರೆ. ಎರಡೂ ಬೇರೆ ದ್ರವ್ಯಗಳು, ಅಷ್ಟೇ. ದೇವರ ಪ್ರಶ್ನೆಯ ಪಕ್ಕದಲ್ಲಿ ಆತ್ಮವನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಕೇಳುವುದು ಈ ಕಾರಣಕ್ಕೆ ಸರಿಯಲ್ಲ ಎಂದು ನನಗೆ ಅನಿಸುತ್ತಿದೆ. ಜೈನರನ್ನೇ ನೋಡಿ: ಜಗತ್ಕರ್ತನಾದ ಈಶ್ವರನನ್ನು ಒಪ್ಪುವುದಿಲ್ಲ, ಜೀವವನ್ನು ಗಟ್ಟಿಯಾಗಿ ಒಪ್ಪುತ್ತಾರೆ. ಕನ್ನಡದ ಮೊದಲ ಮಹಾಕವಿಗಳು ಬಂದದ್ದು ಆ ನಂಬಿಕೆಯಿಂದ. ಪಂಪನನ್ನು ನಾಸ್ತಿಕ ಎಂದು ಯಾರೂ ಕರೆಯುವುದಿಲ್ಲ.

‘ಆಸ್ತಿಕ’ ಪದದ ಬಗ್ಗೆ ಒಂದು ಮಾತು. ಪಾಣಿನಿಯ ಸೂತ್ರ ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’ (4.4.60) ಎಂದು. ‘ಅಸ್ತಿ’ (ಇದೆ) ಎಂಬುದು ಯಾರ ಮತಿಯೋ ಅವನು ಆಸ್ತಿಕ. ಏನು ಅಸ್ತಿ? ಪಾಣಿನಿಯ ಸೂತ್ರಗಳ ಹಳೆಯ ವ್ಯಾಖ್ಯಾನವಾದ ಕಾಶಿಕಾವೃತ್ತಿ ಹೇಳುವುದು ಪರಲೋಕ ಎಂದು, ದೇವರ ಹೆಸರಿಲ್ಲ. ವೇದವನ್ನು ನಿಂದಿಸುವವನು ನಾಸ್ತಿಕ ಎಂಬುದು ಮನುಸ್ಮೃತಿಯ ಲೆಕ್ಕ. ದೇವರನ್ನು ನಂಬದವನಿಗೆ ನಾವು ಇಂದು ಅದನ್ನು ಬಳಸುವುದು ಮೂರನೆಯ ಬಗೆ. ಪಾಠದಲ್ಲಿ ‘ನಿರೀಶ್ವರವಾದಿ’ ಎಂದೇ ಬರೆಯುತ್ತಿದ್ದೇನೆ. ವೇದವನ್ನು ಒಪ್ಪಿಯೂ ಜಗತ್ಕರ್ತನನ್ನು ಒಪ್ಪದ ಸಾಂಖ್ಯರನ್ನೂ ಮೀಮಾಂಸಕರನ್ನೂ ನಾಸ್ತಿಕರ ಸಾಲಿನಲ್ಲಿ ಕೂರಿಸುವ ಮುಜುಗರ ತಪ್ಪುತ್ತದೆ.

ಕ್ರಿಯಾಪದದ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಲಾಭವೇ ಇದೆ. ‘ದೇವರು ಅಸ್ತಿತ್ವದಲ್ಲಿದ್ದಾನೆ’ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಸ್ತಿತ್ವವೇನು ಊರೇ, ಅದರಲ್ಲಿ ಇರಲು? ಇದ್ದಾನೆ ಎಂದರೆ ಸಾಕು. 1781ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ತನ್ನ ‘ಶುದ್ಧ ಬುದ್ಧಿಯ ವಿಮರ್ಶೆ’ಯಲ್ಲಿ ಆನ್ಸೆಲ್ಮನ ಬಗೆಯ ವಾದಕ್ಕೆ ಕೊಟ್ಟ ಪೆಟ್ಟು ಇದೇ ಜಾಗದಲ್ಲಿ. ‘ದೇವರು ಸರ್ವಶಕ್ತ’ ಎಂಬ ವಾಕ್ಯದಲ್ಲಿ ಜರ್ಮನ್ ಭಾಷೆಗೆ ಬೇಕಾಗುವ ‘ಇದೆ’ ಬರಿಯ ಕೊಂಡಿ, ‘ದೇವರಿದ್ದಾನೆ’ ಎಂಬಲ್ಲಿನ ‘ಇದೆ’ ದೇವರಿಗೆ ಹೊಸ ಗುಣವನ್ನೇನೂ ಸೇರಿಸುವುದಿಲ್ಲ ಎಂದು ಅವನು ಪುಟಗಟ್ಟಲೆ ವಿವರಿಸಬೇಕಾಯಿತು. ಕನ್ನಡದಲ್ಲಿ ಮೊದಲನೆಯ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ನಿಷೇಧದಲ್ಲೂ ‘ದೇವರಿಲ್ಲ’ ಬೇರೆ, ‘ದೇವರಲ್ಲ’ ಬೇರೆ. ಕಾಂಟನ ಪಾಠವನ್ನು ಕನ್ನಡದಲ್ಲಿ ಅರ್ಧ ಸಮಯದಲ್ಲಿ ಮುಗಿಸಬಹುದು ಎಂದು ನನ್ನ ನಂಬಿಕೆ.

ಆದರೆ ‘ದೇವರು’ ಎಂಬ ಪದದ ಮುಂದೆ ಯಾವ ರೂಪ? ಬಹುವಚನದ ಪ್ರತ್ಯಯ ಹೊತ್ತ ಪದಕ್ಕೆ ‘ಇದ್ದಾನೆ’ ಎಂಬ ಏಕವಚನ ನಮಗೆ ಸಹಜವಾಗಿದೆ. ಕನ್ನಡ ಬೈಬಲಿನ ಹಳೆಯ ಅನುವಾದದಲ್ಲೂ ದೇವರು ಏಕವಚನದಲ್ಲೇ ಮಾತನಾಡುತ್ತಾನೆ. ಉತ್ಸವದ ದಿನ ಮಾತ್ರ ‘ದೇವರು ಬಂತು’, ‘ದೇವರು ಹೊರಟಿತು’. ಮೈಮೇಲೆ ಬರುವಾಗಲೂ ‘ದೇವರು ಬಂತು’. ಕನಸಿನಲ್ಲಾದರೆ ‘ದೇವರು ಬಂದನು’. ಅಂದರೆ ಹೊತ್ತುಕೊಂಡು ಹೋಗುವ ಮೂರ್ತಿಗೂ ಮೈಯನ್ನು ಹಿಡಿಯುವ ಶಕ್ತಿಗೂ ನಪುಂಸಕಲಿಂಗ, ಕನಸಿನಲ್ಲಿ ಮಾತನಾಡುವವನಿಗೆ ಪುಲ್ಲಿಂಗ. ಕಣ್ಣಿಗೆ ಕಾಣುವ ಮೂರ್ತಿಗೂ ಕಾಣದ ಆವೇಶಕ್ಕೂ ಒಂದೇ ರೂಪ ಸಲ್ಲುವುದು ನನಗೆ ವಿಚಿತ್ರವಾಗಿ ಕಂಡಿದೆ. ಎ.ಎನ್. ಮೂರ್ತಿರಾಯರು ತಮ್ಮ ಪುಸ್ತಕಕ್ಕೆ ಬರೀ ‘ದೇವರು’ ಎಂದು ಹೆಸರಿಟ್ಟು ಈ ಪೇಚಿನಿಂದ ಪಾರಾದರು.

ಆವೇಶ, ಗಾಳಿ, ಪ್ರೇತಗಳಿಗೆಲ್ಲ ಪತ್ರಿಕೆಗಳು ಈಗ ‘ಆತ್ಮ’ ಎನ್ನತೊಡಗಿವೆ. ಉಪನಿಷತ್ತಿನ ಪದ ಪಾಳುಮನೆಯಲ್ಲಿ ಅಲೆಯುತ್ತಿದೆ. ಪಾಠದಲ್ಲಿ ನಾನು ಈ ಹೊಸ ಬಳಕೆಯನ್ನು ಬಿಟ್ಟಿದ್ದೇನೆ. ತುಳುನಾಡಿನ ‘ದೈವ’ವನ್ನೂ (ಹಿಂದಿನ ಬರಹಗಳಲ್ಲಿ ‘ಭೂತ’) ಮನಸ್ಸಿನ ಒಳಗೆ ಹೊರಗೆ ಎಂಬ ಭಾಗದಲ್ಲಿ ಹಾಕಲು ಆಗುತ್ತಿಲ್ಲ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡ, ಅವನ ತಂಗಿ ಕಲ್ಲುರ್ಟಿ ಪಾಡ್ದನದಲ್ಲಿ (ತುಳು ಜನಪದ ಕಥನಹಾಡಿನಲ್ಲಿ) ‘ಮಾಯ’ವಾಗುತ್ತಾರೆ, ಬಳಿಕ ದೈವಗಳಾಗಿ ನುಡಿ ಕೊಡುತ್ತಾರೆ. ಕನ್ನಡದಲ್ಲಿ ಮಾಯವಾದದ್ದು ಇಲ್ಲವಾದದ್ದು. ತುಳುವಿನ ಮಾಯವಾದರೋ ಇನ್ನೊಂದು ನೆಲೆ. ‘ಜೋಗ’ ಎಂದರೆ ಕಾಣುವ ನೆಲೆ, ‘ಮಾಯ’ ಎಂದರೆ ಕಾಣದ ನೆಲೆ. ಅಲ್ಲಿನವರು ಹಾಕಿಕೊಂಡಿರುವ ಗೆರೆ ಮನಸ್ಸಿನ ಅಂಚಿನಲ್ಲಿ ಇಲ್ಲವೇ ಇಲ್ಲ. ಇದನ್ನು ಅಡಿಟಿಪ್ಪಣಿಗೆ ತಳ್ಳಲು ಮನಸ್ಸು ಒಪ್ಪುತ್ತಿಲ್ಲ.

ನನಗೆ ಬೇಕಾದ ನೆರವು ಇಷ್ಟು. ‘ಮನಸ್ಸಿನ ಹಂಗಿಲ್ಲದೆ’ ಎಂಬುದನ್ನು ಪಠ್ಯದಲ್ಲಿ ಬಳಸಬಹುದೇ, ಅಥವಾ ಇದಕ್ಕಿಂತ ಸರಳವಾದದ್ದು ನಿಮ್ಮ ಕಡೆ ಚಾಲ್ತಿಯಲ್ಲಿದೆಯೇ? ಹಳಗನ್ನಡ ಬಲ್ಲವರು ‘ಆಚೆ’ಯ ಅರ್ಥದಲ್ಲಿ ‘ಪೊಱಗು’, ‘ಪೆಱತು’ ಬಂದಿರುವ ದಾರ್ಶನಿಕ ಪ್ರಯೋಗಗಳನ್ನು ಕಂಡಿದ್ದರೆ ದಯವಿಟ್ಟು ತಿಳಿಸಿ. ಮೈಮೇಲೆ ದೇವರು ‘ಬಂದನು’ ಎಂದೋ ‘ಬಂದರು’ ಎಂದೋ ಹೇಳುವ ಊರಿನವರು ಯಾರಾದರೂ ಇಲ್ಲಿದ್ದರೆ ಅವರೂ ಬರೆಯಲಿ.