ಮಿದುಳಿನ ಸಂಶೋಧಕರ ದಿನ ಹೇಗಿರುತ್ತದೆ?

ಹೊಸನಗರದ ಅಮ್ಮ:
ಮಗಳು ಶಿವಮೊಗ್ಗದಲ್ಲಿ ಕೊನೆ ವರ್ಷದ ಬಿ.ಎಸ್ಸಿ. ಓದುತ್ತಿದ್ದಾಳೆ. ಮಿದುಳಿನ ಸಂಶೋಧನೆಗೆ ಹೋಗುತ್ತೇನೆ ಅನ್ನುತ್ತಾಳೆ. ನಮ್ಮ ಅತ್ತೆಗೆ ಅಲ್ಜೈಮರ್ ಬಂದ ಮೇಲೆ ಹುಟ್ಟಿದ ಆಸೆ ಇದು. ಅತ್ತೆಗೆ ನನ್ನ ಹೆಸರು ಮರೆತಿದೆ. ಆದರೆ ಮೆಟ್ಟುಗತ್ತಿ ಮುಂದೆ ಕೂತರೆ ಅಡಿಕೆ ಸುಲಿಯುತ್ತಾರೆ! ಈ ಕೆಲಸದವರು ದಿನವಿಡೀ ಏನು ಮಾಡುತ್ತಾರೆ?

ತೀರ್ಥಹಳ್ಳಿಯವನು:
ಅಕ್ಕ, ನಾನು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, 4ನೇ ವರ್ಷ. ಇಲಿಯ ಮಿದುಳಿನ ತೆಳು ಚೂರನ್ನು ಮೈಕ್ರೋಸ್ಕೋಪ್ ಕೆಳಗೆ ಇಡುತ್ತೇನೆ. ಗಾಜಿನ ಕೊಳವೆಯನ್ನು ಒಂದೇ ಒಂದು ನರಕೋಶಕ್ಕೆ ತಾಗಿಸಿ ಅದರ ವಿದ್ಯುತ್ ಅಳೆಯುತ್ತೇನೆ. ಕೊಳವೆಯ ತುದಿ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದಕ್ಕೆ ಪ್ಯಾಚ್ ಕ್ಲ್ಯಾಂಪ್ ಅನ್ನುತ್ತಾರೆ. ಇದನ್ನು ಕಂಡುಹಿಡಿದ ನೆಹರ್ ಮತ್ತು ಸಾಕ್‌ಮನ್ ಅವರಿಗೆ 1991ರಲ್ಲಿ ನೊಬೆಲ್ ಬಂತು. ಚೂರು ಕೆಲವೇ ಗಂಟೆ ಜೀವಂತವಾಗಿರುತ್ತದೆ, ಹಾಗಾಗಿ ಊಟಕ್ಕೂ ಏಳುವುದಿಲ್ಲ. ಎಷ್ಟೋ ದಿನ ಒಂದು ಕೋಶವೂ ಸಿಗುವುದಿಲ್ಲ. ಸಿಕ್ಕ ದಿನ ಪರದೆ ಮೇಲೆ ಅದು ಮಿಡಿಯುವುದನ್ನು ನೋಡಿ ಈಗಲೂ ಮೈ ಜುಮ್ಮೆನ್ನುತ್ತದೆ.

ಉಳಿದ ದಿನ ಕಂಪ್ಯೂಟರ್ ಕೆಲಸವೇ ಜಾಸ್ತಿ. ಪ್ರೋಗ್ರಾಮಿಂಗ್ ಈಗಲೇ ಕಲಿಯಲಿ.

ಅತ್ತೆಯವರ ವಿಷಯ: ಹೆಸರು, ಘಟನೆಗಳ ನೆನಪಿಗೆ ಹಿಪ್ಪೋಕ್ಯಾಂಪಸ್ ಅನ್ನುವ ಮಿದುಳಿನ ಒಂದು ಭಾಗ ಬೇಕು. ಅಲ್ಜೈಮರ್‌ನಲ್ಲಿ ಅದಕ್ಕೆ ಬೇಗ ಪೆಟ್ಟು ಬೀಳುತ್ತದೆ. ಕೈಕೆಲಸದ ನೆನಪನ್ನು ಮಿದುಳಿನ ಬೇರೆ ಭಾಗಗಳು ಕಾಯುತ್ತವೆ.

ಸಾಗರದ ನರ್ಸ್:
ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂಗೆ ಅವಳನ್ನು ಕರೆದುಕೊಂಡು ಹೋಗಿ. ನಿಜವಾದ ಮಿದುಳನ್ನು ಮುಟ್ಟಿ ನೋಡಬಹುದು. ನಾನು ಮುಟ್ಟಿದಾಗ ಕೈ ನಡುಗಿತ್ತು. ಒಬ್ಬರ ಬದುಕೆಲ್ಲ ಅದರಲ್ಲೇ ಇತ್ತು, ಅಲ್ವಾ?

ಹೊಸನಗರದ ಅಮ್ಮ:
ಅಡಿಕೆ ಕೊಯ್ಲು ಮುಗಿದ ಕೂಡಲೇ ಹೋಗುತ್ತೇವೆ. ತಮ್ಮಾ, ನೀನು ಊಟ ಬಿಡಬೇಡ.