ಆಗದ ಡಿಸ್ಚಾರ್ಜ್ ಸಲ್ಲಿಕೆಯಾಗಿದೆ: ಎಂಡಿಎಸ್ ಸರಿಪಡಿಸಿದ ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಅಮೆರಿಕದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್ ಆಗಿದ್ದೇನೆ, ಎಂಡಿಎಸ್ (ಪ್ರತಿ ನಿವಾಸಿಯ ಆರೋಗ್ಯಸ್ಥಿತಿ ದಾಖಲಿಸಿ ಸರ್ಕಾರಕ್ಕೆ ಕಳುಹಿಸುವ ನಿಗದಿತ ನಮೂನೆ) ಕೆಲಸಕ್ಕೆ ಹೊಸಬಳು. ನಮ್ಮಲ್ಲಿರುವ ಅಜ್ಜಿಯೊಬ್ಬರನ್ನು ರಾತ್ರಿ ಎದೆನೋವೆಂದು ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ದಾಖಲು ಮಾಡಿಕೊಳ್ಳದೆ ಬೆಳಿಗ್ಗೆಯೇ ವಾಪಸ್ ಕಳುಹಿಸಿದರು. ಆದರೆ ಡಿಸ್ಚಾರ್ಜ್ ಅಸೆಸ್‌ಮೆಂಟ್, ಮರಳಿ ಬಂದ ಎಂಟ್ರಿ ದಾಖಲೆ ಎರಡೂ ಸಿಎಂಎಸ್‌ಗೆ (ಮೆಡಿಕೇರ್ ನಡೆಸುವ ಕೇಂದ್ರ ಸರ್ಕಾರಿ ಸಂಸ್ಥೆ) ಹೋಗಿ ಸ್ವೀಕೃತವಾಗಿವೆ. ತಿದ್ದಬೇಕೋ, ತೆಗೆಸಬೇಕೋ?

ಓಹಾಯೊದಿಂದ: ರದ್ದು ಮಾಡಬೇಕು. ಒಳರೋಗಿಯಾಗಿ ದಾಖಲಾಗದೆ 24 ಗಂಟೆಯೊಳಗೆ ಮರಳಿದ್ದರೆ ಅದು ಡಿಸ್ಚಾರ್ಜ್ ಅಲ್ಲವೇ ಅಲ್ಲ. ನಡೆಯದ್ದನ್ನು ತಿದ್ದುವುದೆಲ್ಲಿ ಬಂತು? ನಮೂನೆಯ ಎ0050 ಅಂಕಣದಲ್ಲಿ 3, ಅಂದರೆ ಇನ್‌ಆ್ಯಕ್ಟಿವೇಶನ್ (ರದ್ದತಿ). ಎಕ್ಸ್1050ರಲ್ಲಿ ಕಾರಣ ‘ಘಟನೆ ನಡೆದಿಲ್ಲ’. ಡಿಸ್ಚಾರ್ಜ್‌ಗೊಂದು, ಎಂಟ್ರಿಗೊಂದು, ಪ್ರತ್ಯೇಕವಾಗಿ. ಡಿಸ್ಚಾರ್ಜ್ ಒಂದನ್ನೇ ತೆಗೆದು ಕೈತೊಳೆದುಕೊಂಡರೆ ಅಜ್ಜಿ ಹೋಗದೆಯೇ ಮರಳಿ ಬಂದಂತಾಗುತ್ತದೆ.

ಟೆಕ್ಸಾಸ್‌ನಿಂದ: ಮೇಲಿನವರು ಹೇಳಿದ್ದು ಸರಿ. ಎಲ್ಲರೂ ಎಡವುವುದು ಎಕ್ಸ್ ವಿಭಾಗದಲ್ಲಿ, ಅಂದರೆ ಯಾವ ಹಳೆಯ ದಾಖಲೆ ಎಂದು ಗುರುತಿಸುವ ಭಾಗದಲ್ಲಿ. ಹೆಸರು, ಹುಟ್ಟಿದ ದಿನಾಂಕ ಮೊದಲಾದ ಗುರುತಿನ ವಿವರಗಳು ಮೊದಲು ಸ್ವೀಕೃತವಾದ ದಾಖಲೆಯಲ್ಲಿ ಇದ್ದಂತೆಯೇ ಇರಬೇಕು, ತಪ್ಪಿದ್ದರೆ ತಪ್ಪಾಗಿಯೇ. ನಮ್ಮಲ್ಲೊಬ್ಬರ ಜನ್ಮದಿನ ಮಾರ್ಚ್ 7 ಆಗಬೇಕಿದ್ದದ್ದು ಜುಲೈ 3 ಆಗಿ ಹೋಗಿತ್ತು (ದಿನ ಮೊದಲು ಬರೆಯುವ ನಮ್ಮೂರ ರೂಢಿಯ ಪ್ರತಾಪ). ಎಕ್ಸ್ ವಿಭಾಗದಲ್ಲಿ ಜುಲೈ 3 ಎಂದೇ ಬರೆದು, ಸರಿಯಾದ ತಾರೀಖನ್ನು ಎ ವಿಭಾಗದಲ್ಲಿ ಹಾಕಿದೆವು. ಅಲ್ಲಿ ಬೇಕಾಗಿದ್ದದ್ದು ಮಾಡಿಫಿಕೇಶನ್ (ತಿದ್ದುಪಡಿ), ಎ0050ರಲ್ಲಿ 2. ಎಕ್ಸ್ ವಿಭಾಗದಲ್ಲೂ ಒಳ್ಳೆಯ ಮನಸ್ಸಿನಿಂದ ‘ಸರಿ’ ತಾರೀಖು ಹಾಕಿದರೆ ಹಳೆಯ ದಾಖಲೆ ಸಿಕ್ಕುವುದೇ ಇಲ್ಲ.

ನ್ಯೂಜೆರ್ಸಿಯಿಂದ: ಹೊಸಬರು ಇನ್‌ಆ್ಯಕ್ಟಿವೇಶನ್ ಗುಂಡಿಗೆ ಬೇಗ ಕೈ ಹಾಕುತ್ತಾರೆ, ಅದಕ್ಕೇ ಈ ಮಾತು. ಮೆಡಿಕೇರ್ ಭಾಗ ಎ (ಸರ್ಕಾರಿ ಆರೋಗ್ಯ ವಿಮೆಯ ಒಂದು ಭಾಗ) ಅಡಿಯ 5 ದಿನದ ಅಸೆಸ್‌ಮೆಂಟನ್ನು ರದ್ದು ಮಾಡಿ ಹೊಸದು ಮಾಡಬೇಕಾಗಿ ಬಂದರೆ, ಹೊಸ ಎಆರ್‌ಡಿ (ಅಸೆಸ್‌ಮೆಂಟ್‌ನ ಅವಲೋಕನ ಅವಧಿ ಮುಗಿಯುವ ದಿನ) ತಪ್ಪು ಗೊತ್ತಾದ ದಿನಕ್ಕಿಂತ ಹಿಂದಿನದಾಗಿರುವಂತಿಲ್ಲ. ಅಷ್ಟರಲ್ಲಿ ಅವಧಿ ಮೀರಿರುತ್ತದೆ, ಹಣಕ್ಕೆ ಹೊಡೆತ ಬೀಳುತ್ತದೆ. ಕೋಡಿಂಗ್ ತಪ್ಪಾದರೆ ಮಾಡಿಫಿಕೇಶನ್ ಸಾಕಲ್ಲವೇ ಎಂದು ಮೊದಲು ನೋಡಿ. ಅದರಿಂದ ಪಾವತಿಯ ಕೋಡ್ ಬದಲಾದರೆ ಬಿಲ್ಲಿಂಗ್‌ನವರಿಗೆ ತಿಳಿಸಿ. ತಪ್ಪಿನಿಂದ ನಿವಾಸಿಯ ಒಟ್ಟಾರೆ ಆರೋಗ್ಯಸ್ಥಿತಿಯೇ ಬೇರೆಯಾಗಿ ಕಂಡಿದ್ದು, ನಂತರದ ಅಸೆಸ್‌ಮೆಂಟ್‌ನಲ್ಲೂ ಸರಿಹೋಗಿಲ್ಲವಾದರೆ ದಾಖಲೆ ತಿದ್ದಿದ ಮಾತ್ರಕ್ಕೆ ಮುಗಿಯುವುದಿಲ್ಲ, ಹೊಸದಾಗಿ ಅಸೆಸ್‌ಮೆಂಟ್ ಮಾಡಿ ಆರೈಕೆ ಯೋಜನೆಯನ್ನೂ ನೋಡಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ರದ್ದಾದ ಮೇಲೆ ಹಳೆಯ ಪ್ರತಿಯನ್ನು ಫೈಲಿನಿಂದ ತೆಗೆಯಬಹುದೇ? ಮ್ಯಾನೇಜರ್ ಹಾಗೆ ಹೇಳುತ್ತಿದ್ದಾರೆ.

ಓಹಾಯೊದಿಂದ: ತೆಗೆಯಬೇಡಿ. ಇನ್‌ಆ್ಯಕ್ಟಿವೇಶನ್ ಆದ ದಾಖಲೆ ಸಿಎಂಎಸ್ ಕಡೆಯೂ ಇತಿಹಾಸವಾಗಿ ಉಳಿಯುತ್ತದೆ. ನಿಮ್ಮಲ್ಲಿಯೂ ಹಳೆಯ ಪ್ರತಿ, ಸಹಿಯಾದ ರದ್ದತಿ ಕೋರಿಕೆ ಎರಡೂ ಒಟ್ಟಿಗಿರಲಿ. ಪೂರ್ತಿ ಅಳಿಸಿಹಾಕುವುದು ಬೇರೆಯೇ ದಾರಿ. ಪರೀಕ್ಷೆಗೆಂದು ಮಾಡಿದ ದಾಖಲೆ ನಿಜದ್ದಾಗಿ ಹೋದಾಗ, ಅಥವಾ ಎ0410ರಲ್ಲಿ ಘಟಕದ ಮಾನ್ಯತೆಯೇ ತಪ್ಪಾಗಿದ್ದಾಗ ರಾಜ್ಯದ ಇಲಾಖೆಯ ಮೂಲಕ ಕೋರಬೇಕು. ನಿಮ್ಮದು ಅದಲ್ಲ. ತಪ್ಪು ಕಂಡ ದಿನದಿಂದ 14 ದಿನದೊಳಗೆ ಎಕ್ಸ್1100ರಲ್ಲಿ ಆರ್‌ಎನ್ (ನೋಂದಾಯಿತ ನರ್ಸ್) ಸಹಿ ಆಗಲಿ, ಸಲ್ಲಿಸಿದ ಮೇಲೆ ವ್ಯಾಲಿಡೇಶನ್ ವರದಿಯಲ್ಲಿ ಎರಡೂ ಸ್ವೀಕೃತವಾಗಿವೆಯೇ ನೋಡಿ.