ಐದು ರೂಪಾಯಿಯ ಹಿಂಭಾಗ ಅಡ್ಡ, ಎರಡು ರೂಪಾಯಿಯ ಅಕ್ಷರ ಜೋಡಿ: ಟಂಕಸಾಲೆ ತಪ್ಪಾ, ಸುಮ್ನೆ ಹಾನಿಯಾ?

ಸಾಗರದ ಚಿಲ್ಲರೆ:
ನಮಸ್ಕಾರ. ಸಾಗರದಲ್ಲಿ ನಮ್ಮದೊಂದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕ ಮೂರು ನಾಣ್ಯ ಎತ್ತಿಟ್ಟಿದ್ದೇನೆ, ಫೋಟೋ ಹಾಕಿದ್ದೇನೆ. ಹಳದಿ ಐದು ರೂಪಾಯಿ, 2012ರದು: ಸಿಂಹ ನೆಟ್ಟಗಿದೆ, ತಿರುಗಿಸಿದರೆ 5 ಅಡ್ಡ ಮಲಗಿದೆ. ಎರಡು ರೂಪಾಯಿ: ಇಂಗ್ಲಿಷಿನ ‘ಇಂಡಿಯಾ’ ಅಕ್ಷರಗಳ ಪಕ್ಕ ಇನ್ನೊಂದು ಗೆರೆ, ಎರಡು ಸಲ ಒತ್ತಿದ ಹಾಗೆ. ಇನ್ನೊಂದು, ಹೊಸ ಚಿಕ್ಕ ಒಂದು ರೂಪಾಯಿ. ಆದರೆ ಬಣ್ಣ ತಾಮ್ರದ್ದು! ಬೇರೆ ಲೋಹದ ಬಿಲ್ಲೆ ಸೇರಿಕೊಂಡಿರಬಹುದಾ? ವಾಟ್ಸಾಪಿನಲ್ಲಿ ಒಬ್ಬರು ಲಕ್ಷಕ್ಕೆ ಹೋಗುತ್ತೆ ಅಂದರು.

ದುರ್ಗಿಗುಡಿ ಸಂಗ್ರಾಹಕ:
ಲಕ್ಷದ ಮಾತು ಪಕ್ಕಕ್ಕಿಡಿ. ನಾಣ್ಯ ಕೈಗೆ ಬಂದ ತಕ್ಷಣ ಕೇಳಬೇಕಾದ್ದು ಇಷ್ಟೇ: ಟಂಕಸಾಲೆಯ ಯಾವ ಹಂತದಲ್ಲಿ ಹೀಗಾಗಿರಬಹುದು? ಬಿಲ್ಲೆ ಕತ್ತರಿಸುವಾಗಲಾ, ಅಚ್ಚು ತಯಾರಿಸುವಾಗಲಾ, ಒತ್ತುವಾಗಲಾ? ಎಲ್ಲೂ ಉತ್ತರ ಸಿಗದಿದ್ದರೆ ಅದು ಹೊರಗೆ ಬಂದ ಮೇಲೆ ಆದದ್ದು.

ನಿಮ್ಮ ಐದು ರೂಪಾಯಿಗೆ ಉತ್ತರ ಇದೆ. ನಮ್ಮ ನಾಣ್ಯಗಳಲ್ಲಿ ಎರಡೂ ಮುಖದ ತಲೆ ಒಂದೇ ಕಡೆ ಇರುತ್ತೆ. ಸಿಂಹ ನೆಟ್ಟಗೆ ಬರುವಂತೆ ಮೇಲೊಂದು ಕೆಳಗೊಂದು ಬೆರಳಿಟ್ಟು ಹಿಡಿದು, ಪುಸ್ತಕದ ಹಾಳೆ ಮಗುಚಿದಂತೆ ಪಕ್ಕಕ್ಕೆ ತಿರುಗಿಸಿ. 5 ನೆಟ್ಟಗೇ ಬರಬೇಕು. ಅಡ್ಡ ಬಂದರೆ ಯಂತ್ರದಲ್ಲಿ ಒಂದು ಅಚ್ಚು ಸಡಿಲವಾಗಿ ತಿರುಗಿಕೊಂಡಿದೆ ಅಂತ ಅರ್ಥ. ಹೀಗೆ ತಿರುಗಿದ ಅಚ್ಚನ್ನು ಯಾರಾದರೂ ಗಮನಿಸಿ ಸರಿಮಾಡುವವರೆಗೆ ಬೀಳುವ ನಾಣ್ಯವೆಲ್ಲ ಓರೆಯೇ. ಹಾಗಾಗಿ ಒಂದು ಸಿಕ್ಕ ಕಡೆ ಇನ್ನೊಂದು ಇರಬಹುದು, ಗಲ್ಲಾ ಮತ್ತೊಮ್ಮೆ ನೋಡಿ. ಸ್ವಲ್ಪವೇ ಓರೆಯಾದದ್ದು ಬೇಕಾದಷ್ಟಿದೆ, ಅದಕ್ಕೆ ಯಾರೂ ಜಾಸ್ತಿ ಕೊಡೋದಿಲ್ಲ. ಪೂರ್ತಿ ಅಡ್ಡ ಅಥವಾ ತಲೆಕೆಳಗಾದದ್ದಕ್ಕೆ ಬೆಲೆ.

ಎರಡು ರೂಪಾಯಿ ಫೋಟೋ ದೊಡ್ಡದು ಮಾಡಿ ನೋಡಿದೆ. ಎರಡನೇ ಗೆರೆ ಮುಖ್ಯ ಅಕ್ಷರಕ್ಕಿಂತ ತಗ್ಗಿನಲ್ಲಿದೆ, ಚಪ್ಪಟೆಯಾಗಿ ಮಿನುಗುತ್ತಿದೆ. ‘ಡಿ’ ಅಕ್ಷರವನ್ನೇ ನೋಡಿ, ಬಲಗಡೆ ಅಂಚು ಕೊರೆದು ತೆಳ್ಳಗಾಗಿದೆ. ಇದು ಒತ್ತುವ ಗಳಿಗೆಯಲ್ಲಿ ಅಚ್ಚು ಅಲುಗಿದ್ದರಿಂದ ಆದ ಗೆರೆ. ಮಷೀನ್ ಡಬ್ಲಿಂಗ್ ಅಂತೀವಿ. ಬೇಕಾದಷ್ಟು ಸಿಗುತ್ತೆ, ಹೆಚ್ಚಿನ ಬೆಲೆ ಇಲ್ಲ. ನಿಜವಾದ ಡಬಲ್ ಡೈನಲ್ಲಿ ಅಚ್ಚು ತಯಾರಿಸುವಾಗಲೇ ಚಿತ್ರ ಜೋಡಿಯಾಗಿ ಕೂತಿರುತ್ತೆ. ಅಕ್ಷರ ದಪ್ಪಗಾಗುತ್ತೆ, ಎರಡೂ ಪ್ರತಿ ಉಬ್ಬಿರುತ್ತವೆ, ಮೂಲೆಗಳಲ್ಲಿ ಸೀಳು ಕಾಣುತ್ತೆ. ಆ ಅಚ್ಚಿನ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಹಾಗೇ ಇರುತ್ತೆ.

ಒಂದು ರೂಪಾಯಿಗೆ ಅಯಸ್ಕಾಂತ ಹಿಡಿಯಿರಿ, ತೂಕ ಮಾಡಿಸಿ. 2011ರಿಂದ ಬಂದ ಈ ಸ್ಟೀಲ್ ನಾಣ್ಯದ ತೂಕ 3.79 ಗ್ರಾಂ. ಮೂರರಲ್ಲೂ ಇಸವಿ ಕೆಳಗಿನ ಗುರುತು ಹೇಳಿ: ವಜ್ರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಸಾಗರದ ಚಿಲ್ಲರೆ:
ಐದು ರೂಪಾಯಿ ನೀವು ಹೇಳಿದ ಹಾಗೇ ತಿರುಗಿಸಿದೆ, ಅಡ್ಡವೇ. ಕೆಳಗೆ ನಕ್ಷತ್ರ. ಒಂದು ರೂಪಾಯಿಗೂ ನಕ್ಷತ್ರವೇ, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತೆ. ಅಕ್ಕಸಾಲಿಗರ ತಕ್ಕಡಿಯಲ್ಲಿ 3.8 ಬಂತು. ಎರಡು ರೂಪಾಯಿಗೆ ವಜ್ರ.

ತೀರ್ಥಹಳ್ಳಿ ತೋಟದವ:
ಅಂಟುತ್ತೆ, ತೂಕವೂ ಸರಿಯಿದೆ ಅಂದಮೇಲೆ ಅದು ಸ್ಟೀಲೇ. ಅಡಿಕೆ ಬೇಯಿಸುವ ಕಡೆಯಿಂದ ಬಂದಿರಬೇಕು ಮಾರಾಯ್ರೆ. ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಹತ್ತಿದ ಕೈಯಲ್ಲಿ, ಜೇಬಲ್ಲಿ ಓಡಾಡಿದ ನಾಣ್ಯ ಹೀಗೇ ಕೆಂಪಗಾಗುತ್ತೆ. ನಮ್ಮ ಅಡಿಕೆ ಕೊನೆ ಇಳಿಸುವ ಆಳುಗಳ ಚಿಲ್ಲರೆ ನೋಡಬೇಕು ನೀವು! ಅಂಚಿನ ಗೆರೆಗಳ ಸಂದಿಯಲ್ಲಿ ಬಣ್ಣ ಹೆಚ್ಚು ಗಾಢವಾಗಿದ್ದರೆ ಹತ್ತಿದ ಬಣ್ಣ. ಲೋಹವೇ ಬೇರೆಯಾಗಿದ್ದರೆ ಎಲ್ಲ ಕಡೆ ಒಂದೇ ಥರ ಇರುತ್ತೆ.

ಸಾಗರದ ಚಿಲ್ಲರೆ:
ಸಂದಿಯಲ್ಲೇ ಜಾಸ್ತಿ ಇದೆ! ಐದು ರೂಪಾಯಿಯನ್ನು ಹುಣಸೆಹಣ್ಣು ಹಾಕಿ ತೊಳೆದು ಇಟ್ಟುಕೊಳ್ಳಲಾ?

ದುರ್ಗಿಗುಡಿ ಸಂಗ್ರಾಹಕ:
ಬೇಡ್ವೇ ಬೇಡ. ತಿಕ್ಕಿದ ನಾಣ್ಯವನ್ನು ತಿಳಿದವರು ಕೊಳ್ಳೋದಿಲ್ಲ. ಒಣಬಟ್ಟೆಯಲ್ಲಿ ಒತ್ತಿ ತೆಗೆದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇಲ್ಲವೇ ರಟ್ಟಿನ ಹೋಲ್ಡರ್‌ನಲ್ಲಿ ಹಾಕಿಡಿ. ಮೆತ್ತನೆಯ ಪಿವಿಸಿ ಪೌಚ್ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಹಸಿರು ಜಿಡ್ಡು ಹತ್ತಿ ಹಿತ್ತಾಳೆ ಹಾಳಾಗುತ್ತೆ. ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಮತ್ತೆ, ವಾಟ್ಸಾಪಿನವರು ಮೊದಲು ಶುಲ್ಕ ಕಟ್ಟಿ ಅಂದರೆ ಬ್ಲಾಕ್ ಮಾಡಿ. ಈ ಮೋಸದ ಬಗ್ಗೆ 2021ರಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಸಿದೆ: ಹಳೆ ನಾಣ್ಯದ ವ್ಯವಹಾರಕ್ಕೆ ಅದು ಯಾರಿಂದಲೂ ಶುಲ್ಕ, ಕಮಿಷನ್ ಕೇಳೋದಿಲ್ಲ.

ಎರಡು ರೂಪಾಯಿ ಮತ್ತು ಒಂದು ರೂಪಾಯಿ ಗಲ್ಲಾಕ್ಕೆ ವಾಪಸ್. ಐದರ ಎರಡೂ ಮುಖದ ಫೋಟೋ ಒಂದೇ ಬೆಳಕಿನಲ್ಲಿ, ಕ್ಯಾಮೆರಾ ಅಲುಗಿಸದೆ ತೆಗೆದು ಕಳಿಸಿ. ಎಷ್ಟು ಡಿಗ್ರಿ ತಿರುಗಿದೆ ಅಂತ ಅಳೆದು ಹೇಳ್ತೇನೆ.